ಏಳೂವರೆ ಬ್ಯಾಂಡೂ ಶೆಫೀಲ್ಡಿನ ಬ್ರೆಡ್‌ಕೇಕೂ

ತಂಗೀ, ಪುತ್ತೂರಿಂದ ನೀನು ಬರೆದದ್ದು ಓದಿದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಬರುವ ತಿಂಗಳು ಹೊರಡ್ತೀಯ ಅಂತ ತಿಳಿದು ಖುಷಿಯಾಯ್ತು. ಅಕ್ಕ ಅಂತ ಕರೆದಿದ್ದೀಯಲ್ಲ, ಅದಕ್ಕೇ ಬಹುವಚನ ಬಿಟ್ಟು ಬರೀತಿದ್ದೀನಿ. ಚಳಿ ಎಷ್ಟು, ಅಕ್ಕಿ ಸಿಗುತ್ತಾ, ಕುಕ್ಕರ್ ತರಲಾ ಅಂತೆಲ್ಲ ಕೇಳಿ ಕೊನೆಗೆ, "ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ಏಳೂವರೆ ಬ್ಯಾಂಡ್ ಬಂದಿದೆ, ಇಂಗ್ಲಿಷಿನ ಚಿಂತೆ ಇಲ್ಲ ಅಲ್ವಾ ಅಕ್ಕ?" ಅಂದಿದ್ದೀಯ. ಅದನ್ನು ಓದಿ ಮೊದಲು ನಗು ಬಂತು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಮೊದಲು ಸಣ್ಣ ಪ್ರಶ್ನೆಗಳು. ಸೋನಾ ಮಸೂರಿ ಸಿಗುತ್ತೆ. ಕುಕ್ಕರೂ ಸಿಗುತ್ತೆ, ಆದರೆ ನಿನ್ನ ಕುಕ್ಕರಿಗೆ ಹೊಂದುವ ರಬ್ಬರ್ ಸಿಗೋದು ಕಷ್ಟ, ಎರಡು ಇಟ್ಟುಕೋ. ಕೋಟು ಇಲ್ಲೇ ತಗೋ, ಅಲ್ಲಿನ ಸ್ವೆಟರ್ ಈ ಗಾಳಿಗೆ ಸಾಲಲ್ಲ. ಹಾಲಿನ ಸಿಹಿತಿಂಡಿ ಒಳಗೆ ತರೋ ಹಾಗಿಲ್ಲ, ಫೇಡೆ ಆಸೆ ಬಿಡು. ನಾನು ಧಾರವಾಡದವಳು, ಈ ಮಾತು ಹೇಳೋಕೆ ನನಗೇ ಸಂಕಟ. ಬಾಡಿಗೆ, ಬ್ಯಾಂಕು ಎಲ್ಲ ನಿಮ್ಮ ಆಸ್ಪತ್ರೆಯವರೇ ಹೇಳಿಕೊಡ್ತಾರೆ.

ಇನ್ನು ಇಂಗ್ಲಿಷ್. ನಾನು 2004ರ ಜನವರಿಯಲ್ಲಿ ಬಂದಾಗ ಇಂಗ್ಲಿಷ್ ಸಾಹಿತ್ಯ ಮುಖ್ಯ ವಿಷಯವಾಗಿ ಬಿ.ಎ. ಮಾಡಿದ್ದೆ. ಮನೆಯವರು ಇಂಜಿನಿಯರ್. ಇಬ್ಬರಿಗೂ ಭಾಷೆಯ ಭಯ ಇರಲಿಲ್ಲ. ಮೂರನೇ ದಿನ ಪಕ್ಕದ ಮನೆಯ ಅಜ್ಜ ಗೇಟಿನ ಹತ್ತಿರ ನನ್ನ ನೋಡಿ "ನೌ ದೆನ್" ಅಂದ. ಸರಿ, ಮುಂದೇನು ಹೇಳ್ತಾನೆ ಅಂತ ನಾನು ನಿಂತೇ ಇದ್ದೆ. ಅವನೂ ನಿಂತೇ ಇದ್ದ. ಶೆಫೀಲ್ಡ್ ಇರುವ ಈ ಯಾರ್ಕ್‌ಶೈರ್ ಸೀಮೆಯಲ್ಲಿ ಅದು "ಏನವ್ವಾ, ಆರಾಮಾ?" ಅನ್ನೋ ಹಾಗೆ, ಅಷ್ಟೇ, ಮುಂದೆ ಏನೂ ಇಲ್ಲ ಅಂತ ತಿಳಿಯೋಕೆ ನನಗೆ ಒಂದು ತಿಂಗಳು ಬೇಕಾಯ್ತು.

ಅದೇ ಅಜ್ಜ ಇನ್ನೊಂದು ದಿನ ನನ್ನ ಮಗನ ಕಡೆ ಕೈ ತೋರಿಸಿ, "ಹುಡುಗನಿಗೆ ಸ್ಪೈಸ್ ಕೊಡಲಾ?" ಅಂತ ಕೇಳಿದ. ನಾಲ್ಕು ವರ್ಷದ ಮಗು. "ಬೇಡ, ಅವನಿಗೆ ಖಾರ ಆಗಲ್ಲ" ಅಂದೆ. ಜೇಬಿಂದ ಅರ್ಧ ಹೊರಗೆ ಬಂದಿದ್ದ ಕಾಗದದ ಪೊಟ್ಟಣ ಹಾಗೇ ವಾಪಸ್ ಹೋಯ್ತು. ಈ ಸೀಮೆಯ ಹಳಬರ ಬಾಯಲ್ಲಿ ಸ್ಪೈಸ್ ಅಂದ್ರೆ ಪೆಪ್ಪರ್‌ಮೆಂಟು, ಮಿಠಾಯಿ. ಅಜ್ಜನ ಮುಖ ಸಪ್ಪಗಾದದ್ದು ಮಾತ್ರ ನನಗೆ ಕಾಣಿಸಿತು, ಕಾರಣ ತಿಳಿಯಲಿಲ್ಲ.

ನನ್ನ ಅನುಭವ ಕೇಳಿದರೆ ಇಷ್ಟು, ತಂಗೀ: ಗೊತ್ತಿಲ್ಲದ ಪದ ನಿನ್ನನ್ನು ಕೆಡವಲ್ಲ, ಅದನ್ನು ನೀನು ಕೇಳಿ ತಿಳ್ಕೋತೀಯ. ಗೊತ್ತಿದೆ ಅಂದುಕೊಂಡ ಪದವೇ ಕಾಲಿಗೆ ತೊಡರೋದು. ಟೀ, ಡಿನ್ನರ್, ಪ್ಯಾಂಟ್ಸ್, ವೈಲ್ ಇವೆಲ್ಲ ನಾವು ಎರಡನೇ ಕ್ಲಾಸಿನಿಂದ ಬಲ್ಲೆವು ಅಂದುಕೊಂಡ ಪದಗಳು. ಇಲ್ಲಿ ಹಳೇ ಮಂದಿ "ನೈನ್ ವೈಲ್ ಫೈವ್" ಅಂದ್ರೆ ಒಂಬತ್ತರಿಂದ ಐದರವರೆಗೆ. ನಿನ್ನ ವಾರ್ಡಿನಲ್ಲಿ ಯಾರಾದರೂ "ಹತ್ತು ವೈಲ್ ಏನೂ ತಿನ್ನಬಾರದಾ?" ಅಂದ್ರೆ ಹತ್ತರವರೆಗೆ ಅಂತ ಅರ್ಥ. ಪ್ಯಾಂಟ್ಸ್ ಅಂದ್ರೆ ಇಲ್ಲಿ ಒಳಚಡ್ಡಿ. ಗಂಡಸು ಪೇಷಂಟಿಗೆ ನಮ್ಮೂರ ಹಾಗೆ ಪ್ಯಾಂಟ್ ತೆಗೀರಿ ಅಂದುಬಿಟ್ಟೀಯ, ಟ್ರೌಸರ್ಸ್ ಅನ್ನು. ಬಸ್ ಡ್ರೈವರ್ ನಿನ್ನನ್ನು "ಲವ್" ಅಂತಾನೆ, "ಡಕ್" ಅಂತಾನೆ. ನಮ್ಮ ಮನೆಯವರಿಗೂ "ಲವ್" ಅಂದಿದ್ದಾನೆ, ಅವರು ಎರಡು ದಿನ ಬೇರೆ ಬಸ್ಸು ಹತ್ತಿದರು.

ನಮ್ಮ ಇಂಗ್ಲಿಷೂ ಅವರಿಗೆ ಅಷ್ಟೇ ತೊಡಕು. "2016ರಲ್ಲಿ ಪಾಸ್ಡ್ ಔಟ್" ಅಂದ್ರೆ ಆ ವರ್ಷ ತಲೆ ತಿರುಗಿ ಬಿದ್ದೆ ಅಂತ ತಿಳೀತಾರೆ. "ಡೌಟ್ ಇದೆ" ಅಂದ್ರೆ ಅವರನ್ನು ನಂಬ್ತಿಲ್ಲ ಅನ್ನೋ ಹಾಗೆ. ಪೇಷಂಟ್ "ಎಕ್ಸ್‌ಪೈರ್ ಆದರು" ಅನ್ನಲೇಬೇಡ, ಇಲ್ಲಿ ಎಕ್ಸ್‌ಪೈರ್ ಆಗೋದು ಹಾಲು, ಪಾಸ್‌ಪೋರ್ಟು. ಬ್ರಿಂಜಾಲ್, ಲೇಡೀಸ್ ಫಿಂಗರ್ ಅಂಗಡಿಯಲ್ಲಿ ಆಬರ್ಜೀನ್, ಓಕ್ರಾ ಆಗಿರುತ್ತೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿರುವ ನನ್ನ ನಾದಿನಿಗೆ ಒಂದು ಸಮಾಧಾನ ಇದೆ. ಮನೆ ಎಲ್ಲಿ ಅನ್ನೋಕೆ ಅಲ್ಲಿನವರು ನಮ್ಮ ಹಾಗೇ "ವೇರ್ ಡು ಯು ಸ್ಟೇ?" ಅಂತ ಕೇಳ್ತಾರಂತೆ.

ಬ್ರೆಡ್ಡಿನ ಕಥೆ ಕೇಳು. ನಮ್ಮ ಪಾವ್‌ಗಿಂತ ದೊಡ್ಡದಾದ ದುಂಡನೆ ಬನ್ನು. ಶೆಫೀಲ್ಡಿನಲ್ಲಿ ಅದು ಬ್ರೆಡ್‌ಕೇಕ್. ಬೆಟ್ಟ ದಾಟಿ ಮ್ಯಾಂಚೆಸ್ಟರಿಗೆ ಹೋದರೆ ಬಾರ್ಮ್, ತೆಂಕಣ ಡರ್ಬಿ, ನಾಟಿಂಗ್‌ಹ್ಯಾಮಿನಲ್ಲಿ ಕಾಬ್, ಕೊವೆಂಟ್ರಿಯಲ್ಲಿ ಬ್ಯಾಚ್. ಪಶ್ಚಿಮ ಯಾರ್ಕ್‌ಶೈರಿನಲ್ಲಿ ಟೀಕೇಕ್ ಅಂತಾರೆ, ಅದೇ ಟೀಕೇಕ್ ಬೇರೆ ಕಡೆ ಒಣದ್ರಾಕ್ಷಿ ಹಾಕಿದ್ದು. ಇದಕ್ಕಾಗಿ ಜಗಳವೇ ಆಡ್ತಾರೆ. ನಗಬೇಡ, ನಮ್ಮ ಮನೆಯಲ್ಲಿ ನಾನು ಉಳ್ಳಾಗಡ್ಡಿ ಅಂತೀನಿ, ಹಾಸನದ ನಮ್ಮ ಮನೆಯವರು ಈರುಳ್ಳಿ ಅಂತಾರೆ, ನೀನು ನೀರುಳ್ಳಿ ಅಂತೀಯ. ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ಅನ್ನೋ ಮೇಷ್ಟ್ರು ಇಂಥ ಪದಗಳನ್ನೇ ಹುಡುಕಿಸಿದರು. 1950ರಿಂದ 1961ರವರೆಗೆ ಅವರ ಕಡೆಯವರು 313 ಊರು ತಿರುಗಿ, ಹೆಚ್ಚಾಗಿ ಹಳ್ಳಿಯ ಮುದುಕರನ್ನು ಕೂರಿಸಿಕೊಂಡು, ಸಾವಿರಕ್ಕೂ ಮೇಲೆ ಪ್ರಶ್ನೆ ಕೇಳಿ ಬರೆದುಕೊಂಡರು. ಆ ವಿಷಯ ನಮ್ಮ ಪಕ್ಕದ ಮನೆ ಅಜ್ಜನಿಗೆ ಹೇಳಿದಾಗ, "ನನ್ನ ಹತ್ತಿರ ಯಾರೂ ಬರಲಿಲ್ಲವಲ್ಲ" ಅಂತ ಮುನಿಸಿಕೊಂಡ.

ಅಜ್ಜ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವನು. ಹೆಂಡತಿಗೆ, ಗೆಳೆಯರಿಗೆ "ದೀ", "ದಾ" ಅಂತಿದ್ದ, ಹಳೇ ನಾಟಕಗಳಲ್ಲಿ ನಾವು ಬಾಯಿಪಾಠ ಮಾಡಿದ "ದೌ" ಇದೆಯಲ್ಲ, ಅದೇ, ಜೀವಂತವಾಗಿ. ಪಕ್ಕದ ಬಾರ್ನ್‌ಸ್ಲಿಯವರು ಇದಕ್ಕೇ ಶೆಫೀಲ್ಡಿನವರನ್ನು "ಡೀಡಾ" ಅಂತ ಆಡಿಕೊಳ್ತಾರೆ. ನಮ್ಮ "ನೀನು" ಇದ್ದ ಹಾಗೆ ಅದು. ಯಾರಿಗೆ ಬೇಕೆಂದರೆ ಅವರಿಗೆ ಅನ್ನೋ ಹಾಗಿಲ್ಲ. ನನಗೆ ಐದು ವರ್ಷ "ಯೂ" ಅಂತಲೇ ಅಂದ. ಒಂದು ದಿನ ನಾನು ಹಿಮ ಗುಡಿಸ್ತಿದ್ದಾಗ ಸಲಿಕೆ ಕಿತ್ತುಕೊಂಡು "ದಾ..." ಅಂತ ಏನೋ ಬೈದ. ಆವತ್ತು ಒಳಗೆ ಬಂದು ಅವ್ವನಿಗೆ ಫೋನ್ ಮಾಡಿ ಹೇಳಿದೆ.

ಟೀ ವಿಷಯದಲ್ಲಿ ಆ ಅಜ್ಜ, ಅವನ ಹೆಂಡತಿ ಇಬ್ಬರನ್ನೂ ಉಪವಾಸ ಕಳಿಸಿದ್ದೀನಿ. ಉತ್ತರ ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ಡಿನ್ನರ್ ಅಂದ್ರೆ ಮಧ್ಯಾಹ್ನದ ಊಟ, ಟೀ ಅಂದ್ರೆ ಸಂಜೆಯ ಊಟ. ನಾನು ಆಮೇಲೆ ಒಂದು ಶಾಲೆಯ ಅಡುಗೆಮನೆಗೆ ಸೇರಿದೆ, ಮಧ್ಯಾಹ್ನ ಹನ್ನೆರಡಕ್ಕೆ ಬಡಿಸಿದರೂ ನಾನು "ಡಿನ್ನರ್ ಲೇಡಿ". ಇದ್ಯಾವುದೂ ಗೊತ್ತಿಲ್ಲದೆ ಒಂದು ಶನಿವಾರ ಐದು ಗಂಟೆಗೆ ಅಜ್ಜ, ಅಜ್ಜಿಯನ್ನು ಟೀಗೆ ಕರೆದೆ. ಚಹಾ ಮಾಡಿ, ಚೂಡಾ, ಎರಡೆರಡು ಬಿಸ್ಕತ್ತು ಇಟ್ಟೆ. ಪಾಪ, ಅಜ್ಜ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದ. ಅಡುಗೆಮನೆ ಕಡೆ ಒಂದೆರಡು ಸಲ ನೋಡಿದರು, ಹೊಗಳಿದರು, ಆರಕ್ಕೆ ಎದ್ದರು. ಕಿಟಕಿಯಿಂದ ನೋಡ್ತೀನಿ, ಅಜ್ಜ ಮನೆಗೆ ಹೋಗದೆ ಮೂಲೆಯ ಮೀನು ಚಿಪ್ಸಿನ ಅಂಗಡಿ ಕಡೆ ನಡೀತಿದ್ದಾನೆ.

ಇದನ್ನೆಲ್ಲ ನಕ್ಕು ಹೇಳ್ತೀನಿ. ಒಂದನ್ನು ನಗ್ತಾ ಹೇಳೋಕಾಗಲ್ಲ. ನೀನು ನರ್ಸ್ ಆದ್ದರಿಂದ ಹೇಳಲೇಬೇಕು.

2009ರ ನವೆಂಬರ್. ಮಂಗಳವಾರ ಸಂಜೆ ನಾನು ಕಸದ ಬಿನ್ ಒಳಗೆ ಎಳೀತಿದ್ದೆ. ಅಜ್ಜನ ಮಗಳು ಗೇಟಿಗೆ ಬಂದಳು. ಅಜ್ಜ ಆಸ್ಪತ್ರೆ ಸೇರಿ ಒಂದು ವಾರವಾಗಿತ್ತು. "ಡ್ಯಾಡ್ಸ್ ವೆರಿ ಪೂರ್ಲಿ, ಲವ್" ಅಂದಳು. ಪೂರ್ಲಿ. ಶಾಲೆಯ ಮಕ್ಕಳು ಹೊಟ್ಟೆನೋವಿಗೆ, ನೆಗಡಿಗೆ ದಿನಾ ಅನ್ನೋ ಪದ, ನನಗೆ ಚೆನ್ನಾಗಿ ಗೊತ್ತಿದ್ದ ಪದ. ಮೈಗೆ ಹುಷಾರಿಲ್ಲ ಅಷ್ಟೇ ಅಂದುಕೊಂಡೆ. "ಅಯ್ಯೋ, ಬೇಗ ಹುಷಾರಾಗಲಿ ಅಂತ ಹೇಳಿ, ಭಾನುವಾರ ಸಾರು ಮಾಡಿಕೊಂಡು ಬರ್ತೀನಿ" ಅಂದೆ. ಅವಳು ಕಾಂಪೌಂಡಿನ ಮೇಲೆ ಕೈ ಇಟ್ಟುಕೊಂಡು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ "ರೈಟ್, ಲವ್" ಅಂದು ಹೋದಳು. ಗುರುವಾರ ಬೆಳಿಗ್ಗೆ ಅವರ ಮನೆಯ ಮುಂಬದಿಯ ಪರದೆಗಳೆಲ್ಲ ಮುಚ್ಚಿದ್ದವು, ಅಜ್ಜ ಹೋಗಿಬಿಟ್ಟಿದ್ದ.

ಅಡುಗೆಮನೆಯಲ್ಲಿ ನನ್ನ ಜೊತೆಗಿದ್ದವಳು ಕೇಳಿ ತಟ್ಟೆ ಕೆಳಗಿಟ್ಟಳು. "ವೆರಿ ಪೂರ್ಲಿ ಅಂತ ಆಸ್ಪತ್ರೆಯವರು ಅಂದರೆ, ನೋಡೋರು ಬಂದು ನೋಡಿಕೊಳ್ಳಿ ಅಂತ ಅರ್ಥ, ಯಾರೂ ಹೇಳಲಿಲ್ವಾ ನಿನಗೆ?" ಅಂದಳು. ಹೇಳೋಕೆ ನಾನು ಕೇಳಿದ್ದರೆ ತಾನೇ. ಆ ಮಗಳು ಕತ್ತಲಲ್ಲಿ ನಡೆದು ಬಂದು ನನಗೆ ಅದನ್ನೇ ಹೇಳಿದ್ದಳು. "ಹಾಗಂದ್ರೆ ಎಷ್ಟು ಜೋರಾಗಿದೆ?" ಅಂತ ಒಂದು ಮಾತು ಕೇಳಿದ್ದರೆ ಅವತ್ತೇ ರಾತ್ರಿ ಹೋಗಿರ್ತಿದ್ದೆ. ಬಿ.ಎ. ಮಾಡಿದವಳು, ತಲೆ ಆಡಿಸಿದೆ.

ಆದ್ದರಿಂದ ನಿನ್ನ ಏಳೂವರೆಯನ್ನು ಪೆಟ್ಟಿಗೆಯಲ್ಲೇ ಇಟ್ಟಿರು, ಮತ್ತೆ ಮತ್ತೆ ಕೇಳು. ಇಲ್ಲಿಯ ಮಂದಿ ಬೇಜಾರು ಮಾಡ್ಕೊಳಲ್ಲ, ತಮ್ಮ ಮಾತಿನ ಬಗ್ಗೆ ಕೇಳಿದರೆ ಅರ್ಧ ಗಂಟೆ ಹೇಳ್ತಾರೆ. ನಿನ್ನ ಮೊದಲ ಪೇಷಂಟ್ "ಐ'ಮ್ ನಿದರ್ಡ್" ಅಂದ್ರೆ ಇನ್ನೊಂದು ಕಂಬಳಿ ಕೊಡು, ಚಳಿಗೆ ನಡುಗ್ತಿದ್ದೀನಿ ಅಂತ ಅದು.

ಬಂದ ಮೊದಲ ಶನಿವಾರ ಐದು ಗಂಟೆಗೆ ನಮ್ಮ ಮನೆಗೆ ಟೀಗೆ ಬಾ. ಗುಜರಾತಿ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತೆ, ರೊಟ್ಟಿ ಬಡಿದಿರ್ತೀನಿ. ಏನೂ ತಿಂದುಕೊಂಡು ಬರಬೇಡ.