ಎಲ್ರೂ ಸಾಯ್ತಾರೆ ಬಿಡಿ!

ಪ್ರಶ್ನೆ: ಸರ್, ಈಗಿನ ಕಾದಂಬರಿ ಯಾವುದು ತೆಗೆದ್ರೂ ಸಾವೇ. ಎಕ್ಸಿಸ್ಟೆನ್ಷಿಯಲಿಸಂ (ಬದುಕಿಗೆ ಅರ್ಥ ನಾವೇ ಕೊಟ್ಕೋಬೇಕು ಅನ್ನೋ ತತ್ವಚಿಂತನೆ) ಓದೋಣ ಅಂದ್ರೆ ಅಲ್ಲೂ ಸಾವನ್ನ ನೆನಪಿಟ್ಕೊಂಡೇ ಬದುಕಿ ಅಂತಾರೆ. ಇವರಿಗೆಲ್ಲ ಬೇರೆ ಕೆಲಸ ಇಲ್ವಾ? ಹಾಗೆ ಬದುಕೋಕಾದ್ರೂ ಆಗುತ್ತಾ?

ಉತ್ತರ: ಅವರ ಕೆಲಸಾನೇ ಅದು ಕಣ್ರೀ! ಆದ್ರೆ ಎಲ್ಲರೂ ಒಂದೇ ರಾಗ ಹಾಡ್ತಾರೆ ಅನ್ಕೋಬೇಡಿ, ಒಳಗೊಳಗೇ ದೊಡ್ಡ ಜಗಳ ಇದೆ. ಸಾವನ್ನ ಎದುರಿಗಿಟ್ಕೊಂಡ್ರೇನೇ ಬದುಕು ನನ್ನದಾಗೋದು ಅಂತ 1927ರಲ್ಲಿ ಬರೆದವನು ಜರ್ಮನ್ ತತ್ವಜ್ಞಾನಿ ಹೈಡೆಗರ್. 'ಎಲ್ರೂ ಸಾಯ್ತಾರೆ ಬಿಡಿ' ಅಂತೀವಲ್ಲ, ಆ ಎಲ್ರಲ್ಲಿ ನಾನೊಬ್ಬ ಇರಲ್ಲ, ಅದೇ ನಮ್ಮ ಟ್ರಿಕ್ಕು ಅಂತಾನೆ. 1943ರಲ್ಲಿ ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್ ಇದನ್ನ ಒಪ್ಪಲಿಲ್ಲ. ಗಲ್ಲಿಗೇರೋ ಕೈದಿಯೊಬ್ಬ ನೇಣುಗಂಬದ ಹತ್ರ ಧೈರ್ಯವಾಗಿ ನಿಲ್ಬೇಕು ಅಂತ ತಯಾರಾಗ್ತಿರ್ತಾನೆ, ಅಷ್ಟರಲ್ಲಿ ಫ್ಲೂ ಬಂದು ಹೋಗೇಬಿಡ್ತಾನೆ, ನಮ್ಮ ಕಥೆನೂ ಅಷ್ಟೇ ಅಂದ. ನಂಗಂತೂ ಈ ಕೈದಿನೇ ಹೆಚ್ಚು ನಂಬಿಕೆ ಬರೋ ಹಾಗಿದಾನೆ.

ಇನ್ನು ಕಾದಂಬರಿ. ಪೋರ್ಚುಗಲ್‌ನ ಕಾದಂಬರಿಕಾರ ಸರಮಾಗೋ 2005ರಲ್ಲಿ ಬರೆದಿದ್ರಲ್ಲಿ ಒಂದು ದೇಶದಲ್ಲಿ ಹೊಸ ವರ್ಷದಿಂದ ಯಾರೂ ಸಾಯೋದೇ ಇಲ್ಲ, ಮೊದಲು ಖುಷಿಯೋ ಖುಷಿ, ಆಮೇಲೆ ಮನೆಯವರೇ ಸಾಯೋಕಾಗದೆ ಒದ್ದಾಡೋರನ್ನ ಕದ್ದು ಗಡಿ ದಾಟಿಸ್ತಾರೆ, ಅಲ್ಲಾದ್ರೂ ಜೀವ ಹೋಗ್ಲಿ ಅಂತ.

ಆದ್ರೆ ನಿಮ್ಮ ಕೊನೇ ಪ್ರಶ್ನೆಗೆ ಹಳೇದೊಂದು ಓದ್ಬೇಕು, 1886ರ ಟಾಲ್‌ಸ್ಟಾಯ್ ಕಥೆ, 'ಇವಾನ್ ಇಲ್ಯಿಚ್‌ನ ಸಾವು' (ಹೈಡೆಗರ್ ಕೂಡ ಅಡಿಟಿಪ್ಪಣಿಯಲ್ಲಿ ಇದನ್ನ ನೆನೀತಾನೆ). ಇವಾನ್ ಸತ್ತ ಅಂತ ಗೊತ್ತಾದ ಕೂಡ್ಲೇ ಆಫೀಸಿನವರಿಗೆ ಬರೋ ಯೋಚನೆ ಆ ಪೋಸ್ಟು ಯಾರಿಗೆ ಅಂತ, ಜೊತೆಗೆ ಸತ್ತಿದ್ದು ಅವನು, ನಾನಲ್ಲವಲ್ಲ ಅನ್ನೋ ಸಮಾಧಾನ ಬೇರೆ. ಮಾತಾಡ್ಸೋಕೆ ಹೋದ ಗೆಳೆಯ ಕೂತ ಮೆತ್ತನೆ ಪೀಠದ ಸ್ಪ್ರಿಂಗು ಕೆಟ್ಟಿರುತ್ತೆ, ಎದುರಿಗೆ ಇವಾನನ ಹೆಂಡತಿ ಅಳ್ತಿದ್ರೆ ಇವನಿಗೆ ಕೆಳಗಿಂದ ಎಗರೋ ಸೀಟನ್ನ ಅದುಮಿ ಹಿಡಿಯೋದೇ ಫಜೀತಿ! ಆಕೆ ಕಣ್ಣೊರೆಸ್ಕೊಂಡು ಕೇಳೋದು ಸರ್ಕಾರದಿಂದ ಇನ್ನಷ್ಟು ದುಡ್ಡು ಬರುತ್ತಾ ಅಂತ.

ಅಲ್ಲಿಗೇ ಪುಸ್ತಕ ಮುಚ್ಬೇಡಿ. ಮುಂದೆ ಕಥೆ ಹಿಂದಕ್ಕೆ ಹೋಗುತ್ತೆ, ಇವಾನ್ ಕಾಯಿಲೆಯಲ್ಲಿ ನರಳ್ತಿರುವಾಗ ಡಾಕ್ಟರಿಂದ ಹಿಡಿದು ಹೆಂಡತಿವರೆಗೂ ವಾಸಿಯಾಗುತ್ತೆ ಅಂತ ನಾಟಕ ಆಡ್ತಾರೆ, ಕೆಲಸದ ಹುಡುಗ ಗೆರಾಸಿಮ್ ಒಬ್ಬನನ್ನ ಬಿಟ್ಟು. ಕಾಲು ಮೇಲಿದ್ರೆ ನೋವು ಕಮ್ಮಿ ಅಂತ ಇವಾನನ ಕಾಲುಗಳನ್ನ ಹೆಗಲ ಮೇಲಿಟ್ಕೊಂಡು ಒಮ್ಮೊಮ್ಮೆ ರಾತ್ರಿಯಿಡೀ ಕೂತಿರ್ತಾನೆ, ಹೋಗಿ ಮಲ್ಕೋ ಅಂದ್ರೂ ಹೋಗಲ್ಲ. ಅವನು ಹೇಳೋದೂ ಅದೇ ಮಾತು: ನಾವೆಲ್ಲ ಸಾಯೋರೇ ಅಲ್ವಾ, ಇಷ್ಟು ಮಾಡಿದ್ರೇನೀಗ?