ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದವನು ಒಂದು ದಿನದ ರಜೆಯಲ್ಲಿ ಊರಿನ ಯಾವ ಹತ್ತು ಖಾನಾವಳಿ, ಅಂಗಡಿಗಳನ್ನು ನೋಡಬೇಕು?

ನಾನೂ ಹೀಗೆಯೇ ಪಟ್ಟಿ ಹಿಡಿದು ಹೊರಟಿದ್ದೆ. ನನ್ನ ಪಟ್ಟಿಯಲ್ಲಿ ಹತ್ತಲ್ಲ, ಹನ್ನೊಂದು ಹೆಸರುಗಳಿದ್ದವು.

ಇದು ಏಳು ವರ್ಷಗಳ ಹಿಂದಿನ ಮಾತು. ಪುಣೆಯಲ್ಲಿ ಒಂಬತ್ತು ವರ್ಷ ನೌಕರಿ ಮಾಡಿ ಊರಿಗೆ ಮರಳಿದ್ದ ನನಗೆ, ಹುಬ್ಬಳ್ಳಿಯ ಬಗ್ಗೆ ಹೊರಗಿನವರು ಏನಾದರೂ ಕೇಳಿದರೆ ಉತ್ತರ ಹೊಳೆಯದೆ ನಾಚಿಕೆಯಾಗುತ್ತಿತ್ತು. ಆ ನಾಚಿಕೆಯನ್ನು ಒಂದೇ ಶನಿವಾರದಲ್ಲಿ ತೊಳೆದುಕೊಳ್ಳಬೇಕೆಂದು, ಫೋನಿನಲ್ಲಿ ಕಂಡ ವಿಡಿಯೊಗಳನ್ನೆಲ್ಲ ನೋಡಿ, ಧಾರವಾಡವನ್ನೂ ಸೇರಿಸಿ ಗಂಟೆಗಂಟೆಯ ಲೆಕ್ಕ ಬರೆದುಕೊಂಡೆ. ಹೊರಡುವ ಹೊತ್ತಿಗೆ ಅವ್ವ ಹಳೆಯ ಧೋತರದಲ್ಲಿ ಸುತ್ತಿದ ಹಿತ್ತಾಳೆ ಬೋಗುಣಿಯೊಂದನ್ನು ತಂದು ಕೈಗಿಟ್ಟಳು. ಮರುದಿನ ಶೀಗಿ ಹುಣ್ಣಿಮೆ. ಭೂತಾಯಿಗೆ ಎಡೆಯಾಗಿ ಅಡುಗೆ ಎರಚುವ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಒಯ್ಯುವ ಕಟ್ಟಿನ ಸಾರನ್ನು ಅವಳು ಪ್ರತಿ ವರ್ಷವೂ ಅದೇ ಬೋಗುಣಿಯಲ್ಲಿ ಕುದಿಸುತ್ತಿದ್ದಳು. ಒಳಗಿನ ಕಲಾಯಿ, ಅಂದರೆ ತವರದ ಲೇಪ, ಸವೆದು ಹಳದಿ ಲೋಹ ಕಾಣತೊಡಗಿತ್ತು. ಇನ್ನು ಹುಣಸೆ ಹುಳಿ ತಾಗಿದರೆ ಕಿಲುಬು ಏಳುವುದು ಖಂಡಿತವಾಗಿತ್ತು. "ಮೊದಲ ಇದನ್ನ ಕೊಡು, ಆಮ್ಯಾಲೆ ಎಲ್ಲಿ ಬೇಕಾದರೂ ಅಡ್ಡಾಡು" ಎಂದಳು. ನಾನು ಹೂಂ ಎಂದು ಬೋಗುಣಿಯನ್ನು ಸ್ಕೂಟರಿನ ಮೇಲೆ ಕಾಲ ಬಳಿ ಇಟ್ಟುಕೊಂಡು ಧಾರವಾಡದ ದಾರಿ ಹಿಡಿದೆ.

ಬೆಳಿಗ್ಗೆ ಲೈನ್ ಬಜಾರಿನಲ್ಲಿ ಪೇಡೆಗಾಗಿ ಸರದಿಯಲ್ಲಿ ನಿಂತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವದ ಕಡೆಯಿಂದ ಬಂದ ಠಾಕೂರ ಮನೆತನ ಈ ಊರಿಗೆ ಕೊಟ್ಟ ಪೇಡೆ ಅದು; ಆಮೇಲೆ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಎರಡು ಕಿಲೋ ಕಟ್ಟಿಸಿಕೊಂಡು, ಅದರ ಬೆನ್ನಿಗೇ ಒಂದು ತುಂಬು ತಟ್ಟೆ ಒಗ್ಗರಣೆ ಅವಲಕ್ಕಿ, ಮತ್ತೊಂದೆಡೆ ಮಿರ್ಚಿ ಭಜಿ ತಿಂದೆ. ಸುಭಾಸ ರಸ್ತೆಯಲ್ಲಿ, 1933ರಿಂದ ಕನ್ನಡ ಪುಸ್ತಕಗಳನ್ನು ಪ್ರಕಟಿಸುತ್ತ ಬಂದಿರುವ ಮನೋಹರ ಗ್ರಂಥಮಾಲೆಯ ಅಟ್ಟವನ್ನು ಹತ್ತಿ, ಫೋಟೊ ತೆಗೆದುಕೊಂಡು, ಒಂದು ಪುಸ್ತಕವನ್ನೂ ಬಿಚ್ಚಿ ನೋಡದೆ ಐದೇ ನಿಮಿಷದಲ್ಲಿ ಇಳಿದುಬಂದೆ. ಇಷ್ಟು ವರ್ಷಗಳಾದರೂ ಆ ಐದು ನಿಮಿಷ ನೆನಪಾದರೆ ನನಗೆ ಕೆಡುಕೆನಿಸುತ್ತದೆ.

ಇಪ್ಪತ್ತು ಕಿಲೋಮೀಟರು ಹಿಂದಿರುಗಿ ಹುಬ್ಬಳ್ಳಿಯ ಖಾನಾವಳಿಯೊಂದರಲ್ಲಿ ಊಟಕ್ಕೆ ಕುಳಿತಾಗ ನನಗೆ ಹಸಿವೆಯೇ ಇರಲಿಲ್ಲ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಕೆನೆಮೊಸರು ಎಲ್ಲವೂ ತಾಟಿನಲ್ಲಿದ್ದವು. ಬಡಿಸುತ್ತಿದ್ದ ಅಜ್ಜಿ "ಅಡಗಿ ಸೇರಲಿಲ್ಲೇನಪಾ?" ಎಂದು ಕೇಳಿದಾಗ ತಲೆ ತಗ್ಗಿಸಿ, ಅರ್ಧ ರೊಟ್ಟಿ ಬಿಟ್ಟು ಎದ್ದೆ. ಆಮೇಲೆ ನಾಲ್ಕು ಅಂಗಡಿಗಳ ಹೊಸಿಲು ಮುಟ್ಟಿ, ದುರ್ಗದ ಬೈಲಿನಲ್ಲಿ ಗಿರ್ಮಿಟ್ಟಿನ ಪೊಟ್ಟಣ ಹಿಡಿದು ಗಡಿಯಾರ ನೋಡಿದಾಗ ಸಂಜೆ ಆರು ಗಂಟೆಯಾಗಿತ್ತು. ಕಲಾಯಿ ಹಾಕುವವರ ಓಣಿಗೆ ಓಡಿದೆ. ಅವರು ಇದ್ದಿಲಿನ ಮೇಲೆ ನೀರು ಚಿಮುಕಿಸಿ, ಇಕ್ಕಳಗಳನ್ನು ಗೋಣಿಚೀಲಕ್ಕೆ ಹಾಕುತ್ತಿದ್ದರು. "ಬೆಂಕಿ ಆರಿಸೇನ್ರಿ. ಇನ್ನ ಸೋಮವಾರ ಬರ್ರಿ" ಎಂದರು.

ನನ್ನ ತಪ್ಪು ಎಲ್ಲಿತ್ತು ಎಂಬುದನ್ನು ನಿಮಗೆ ಸರಿಯಾಗಿ ಹೇಳಬೇಕು, ಏಕೆಂದರೆ ಕೇಳಿದವರೆಲ್ಲ ಸಮಯ ಸಾಲಲಿಲ್ಲ ಎಂದೇ ತಿಳಿಯುತ್ತಾರೆ. ಸಮಯ ಬೇಕಾದಷ್ಟಿತ್ತು. ಮಧ್ಯಾಹ್ನ ಒಂದು ಗಂಟೆಗೆ ನಾನು ಆ ಓಣಿಯ ಬಾಯಿಯನ್ನು ದಾಟಿಯೇ ಹೋಗಿದ್ದೆ. ಬೋಗುಣಿ ನನ್ನ ಕಾಲ ಬಳಿಯೇ ಇತ್ತು. ಇಳಿದು ಕೊಟ್ಟು ಬರಲು ಎರಡು ನಿಮಿಷ ಸಾಕಾಗಿತ್ತು. ಆದರೆ ಒಂದೂಕಾಲಕ್ಕೆ ಖಾನಾವಳಿ ಎಂದು ಪಟ್ಟಿಯಲ್ಲಿ ಬರೆದಿತ್ತು, ಆದ್ದರಿಂದ ನಿಲ್ಲಲಿಲ್ಲ. ಕಲಾಯಿಯ ಅಂಗಡಿ ನನ್ನ ಕಣ್ಣಿಗೆ ನೋಡತಕ್ಕ ಜಾಗವಾಗಿ ಕಂಡಿರಲೇ ಇಲ್ಲ, ಅದು ಅವ್ವನ ಕೆಲಸವಾಗಿ ಮಾತ್ರ ಕಂಡಿತ್ತು. ಹೀಗಾಗಿ ಎಲ್ಲ ಮುಗಿದ ಮೇಲೆ ಮಾಡಿದರಾಯಿತು ಎಂದು ಅದನ್ನು ಕೊನೆಗೆ ತಳ್ಳಿದೆ. ಆ ಕಸುಬಿನ ಲೆಕ್ಕವೇ ಬೇರೆ ಎಂಬುದನ್ನು ಯಾರನ್ನಾದರೂ ಕೇಳಿದ್ದರೆ ಹೇಳುತ್ತಿದ್ದರು: ಇದ್ದಿಲು ದುಬಾರಿಯಾದ್ದರಿಂದ ಅವರು ಮುಂಜಾನೆ ಬಂದ ಪಾತ್ರೆಗಳನ್ನು ಕೂಡಿಹಾಕಿ, ಒಮ್ಮೆ ಬೆಂಕಿ ಹೊತ್ತಿಸಿ, ಎಲ್ಲಕ್ಕೂ ಒಟ್ಟಿಗೆ ಕಲಾಯಿ ಹಾಕಿ, ಮಧ್ಯಾಹ್ನ ಕಳೆದ ಮೇಲೆ ಬೆಂಕಿ ಆರಿಸುತ್ತಾರೆ. ಒಂದು ಬೋಗುಣಿಗಾಗಿ ಮತ್ತೆ ಬೆಂಕಿ ಹಾಕುವುದಿಲ್ಲ, ಹಾಕಬೇಕೆಂದು ಕೇಳುವುದೂ ಸರಿಯಲ್ಲ. ನಾನು ಕೇಳಲಿಲ್ಲ, ಏಕೆಂದರೆ ಇಡೀ ದಿನ ಯಾರನ್ನೂ ಏನನ್ನೂ ಕೇಳುವ ಅಗತ್ಯವೇ ನನಗೆ ಬಿದ್ದಿರಲಿಲ್ಲ, ಎಲ್ಲವೂ ಫೋನಿನಲ್ಲಿತ್ತು.

ಅವ್ವ ಒಂದು ಮಾತೂ ಅನ್ನಲಿಲ್ಲ. ನೆರೆಮನೆಯಿಂದ ಸ್ಟೀಲಿನ ಡಬರಿ ಕೇಳಿ ತಂದು ಸಾರು ಕುದಿಸಿದಳು. ಅದು ಅವಳ ತವರಿನಿಂದ ಬಂದ ಬೋಗುಣಿ. ಮರುವರ್ಷ ಹೊಲ ಪಾಲಾಗಿ ದೊಡ್ಡಪ್ಪನ ಮಕ್ಕಳ ಕಡೆ ಹೋಯಿತು. ಆ ಬೋಗುಣಿ ಆ ಹೊಲಕ್ಕೆ ಮತ್ತೆ ಹೋಗಲಿಲ್ಲ.

ಸೋಮವಾರ ರಜೆ ಹಾಕಿ, ಪಟ್ಟಿಯಿಲ್ಲದೆ, ಬೋಗುಣಿಯೊಂದನ್ನೇ ಹಿಡಿದು ಹೋದೆ. ನನ್ನ ಊರನ್ನು ನಾನು ನೋಡಿದ ಮೊದಲ ದಿನ ಅದು. "ಕುಂಡ್ರಿ, ನೋಡ್ರಿ, ಆದ್ರ ಹೊಗಿ ಕಡೆ ಮಾರಿ ಮಾಡಬ್ಯಾಡ್ರಿ" ಎಂದು ಕಲಾಯಿ ಹಾಕುವವರು ಒಂದು ತಗಡಿನ ಡಬ್ಬಿಯನ್ನು ಕೂರಲು ಕೊಟ್ಟರು. ಉಜ್ಜಿ ತೊಳೆದ ಬೋಗುಣಿಯನ್ನು ಕೆಂಡದ ಮೇಲೆ ತಿರುಗಿಸುತ್ತ ಕಾಯಿಸಿ, ಒಳಗೆ ಒಂದು ಚಿಟಿಕೆ ನವಸಾಗರದ ಪುಡಿ ಎರಚಿದಾಗ ಬಿಳಿಯ ಹೊಗೆ ಎದ್ದಿತು. ತವರದ ಕಡ್ಡಿಯ ತುದಿಯನ್ನು ಬಿಸಿಗೆ ಮುಟ್ಟಿಸಿದರು. ಅದು ಕರಗಿ ಒಂದು ಹನಿಯಾಗಿ ಹೊಳೆಯಿತು. ಆ ಹನಿ ಗಟ್ಟಿಯಾಗುವುದರೊಳಗೆ ಅರಳೆಯ ಉಂಡೆಯಿಂದ ಸುತ್ತಲೂ ಒರೆಸಿಬಿಟ್ಟರು. ಹಳದಿ ಬೋಗುಣಿಯ ಒಳಮೈ ಒಂದೇ ಉಸಿರಿನಲ್ಲಿ ಬೆಳ್ಳಿಯಂತೆ ಬೆಳಗಿತು, ಕೂಡಲೇ ನೀರಿನಲ್ಲಿ ಅದ್ದಿದಾಗ ಚೊಂಯ್ ಎಂದಿತು. ಇಷ್ಟು ಚೆಲುವಾದ ಕೆಲಸವನ್ನು ನಾನು ಕೊನೆಯ ಸಾಲಿನಲ್ಲಿ ಬರೆದುಕೊಂಡಿದ್ದೆ.

ಉಳಿದ ದಿನ ಅಲ್ಲಿಂದಲೇ ಬಿಚ್ಚಿಕೊಂಡಿತು. ಊಟಕ್ಕೆ ಎಲ್ಲಿ ಹೋಗಲಿ ಎಂದು ಕೇಳಿದಾಗ ಅವರು ಹೇಳಿದ್ದು ಎರಡು ಓಣಿ ಆಚೆಗಿನ, ಬೋರ್ಡಿಲ್ಲದ ಖಾನಾವಳಿಯನ್ನು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಮಾತ್ರ ಕುಳಿತುಕೊಳ್ಳಬೇಕು, ಇಲ್ಲದಿದ್ದರೆ ಅದು ಬೆಳಗಿನ ರೊಟ್ಟಿ ಎಂದೂ ಹೇಳಿದರು. ಸಪ್ಪಳ ಕೇಳಿಸಿತು, ಹಸಿದಿದ್ದ ನಾನು ನಾಲ್ಕು ರೊಟ್ಟಿ ತಿಂದೆ. ಊಟಕ್ಕೆ ಎದುರು ಕುಳಿತವರು ಜವಳಿ ಸಾಲಿನಲ್ಲಿ ಗುಳೇದಗುಡ್ಡದ ಖಣ ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಅವರ ಹಿಂದೆಯೇ ಹೋಗಿ ಅವ್ವನಿಗೆ ಎರಡು ಕುಪ್ಪಸದ ಖಣ ಕೊಂಡೆ, ಅಂಚಿನ ಬಣ್ಣಗಳ ಹೆಸರುಗಳನ್ನೂ ಅಲ್ಲೇ ಕಲಿತೆ. ಸಂಜೆ ದುರ್ಗದ ಬೈಲಿನಲ್ಲಿ ಗಿರ್ಮಿಟ್ಟು ತಿಂದದ್ದು ಕೈಗಾಡಿಯ ಎದುರೇ ನಿಂತು. ಹುಳಿ ಹಚ್ಚಿದ ಚುರುಮುರಿಗೆ ಪುಠಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ ಬಿದ್ದ ಕ್ಷಣದಿಂದ ಐದು ನಿಮಿಷದೊಳಗೆ ತಿನ್ನಬೇಕು, ಪೊಟ್ಟಣ ಕಟ್ಟಿಸಿದರೆ ಮೆತ್ತಗಾಗಿ ರುಚಿ ಕೆಡುತ್ತದೆ. ಲೆಕ್ಕ ಹಾಕಿದರೆ ಒಟ್ಟು ನಾಲ್ಕೇ ಜಾಗ.

ಆದ್ದರಿಂದ ಯಾವ ಹತ್ತು ಜಾಗ ಎಂಬ ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ, ಆ ಪ್ರಶ್ನೆಯನ್ನೇ ಬಿಟ್ಟುಬಿಡಿ ಎನ್ನುತ್ತೇನೆ. ಹೊರಗಿನಿಂದ ಬಂದವನಿಗೆ ಪಟ್ಟಿ ಬೇಕು. ಊರಿನವನಿಗೆ ಒಂದು ಕೆಲಸ ಬೇಕು. ಕೊಳ್ಳುವುದೋ, ರಿಪೇರಿಯೋ, ಹೊಲಿಸುವುದೋ, ಏನಾದರೂ ಸರಿ, ಕೈಯಲ್ಲಿ ಒಂದು ಕೆಲಸವಿದ್ದರೆ ಅಂಗಡಿಯವರು ನಿಮ್ಮನ್ನು ಕೂರಿಸಿ ಮಾತನಾಡಿಸುತ್ತಾರೆ. ಫೋನು ಎತ್ತಿ ನಿಂತವರನ್ನು ಬೇಗ ಸಾಗಹಾಕುತ್ತಾರೆ, ಅದು ಅವರ ತಪ್ಪಲ್ಲ. ಎರಡೂ ಊರುಗಳು 1962ರಿಂದ ಒಂದೇ ಮಹಾನಗರ ಪಾಲಿಕೆಯಲ್ಲಿದ್ದರೂ ಒಂದೇ ದಿನದಲ್ಲಿ ಎರಡನ್ನೂ ಮುಗಿಸಲು ಹೋಗಬೇಡಿ. ಧಾರವಾಡಕ್ಕೆ ಇನ್ನೊಂದು ದಿನ, ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೋಗಿ, ಆ ಅಟ್ಟದ ಮೇಲೆ ಅರ್ಧ ದಿನ ಕಳೆಯಿರಿ. ಖಾರದ ಮಾಂಸದಡುಗೆಯ ಸಾವಜಿ ಊಟ ನಿಮ್ಮ ಆಸೆಯಾಗಿದ್ದರೆ ಅದೊಂದನ್ನೇ ಆ ದಿನದ ಊಟವಾಗಿ ಇಟ್ಟುಕೊಳ್ಳಿ. ಅದರ ಖಾರದ ಮೇಲೆ ಬೇರೆ ಯಾವುದರ ರುಚಿಯೂ ಹತ್ತುವುದಿಲ್ಲ. ಬೆಳಿಗ್ಗೆ ಮನೆಯಲ್ಲಿ ಚಹಾ ಬಿಟ್ಟು ಬೇರೇನೂ ತೆಗೆದುಕೊಳ್ಳಬೇಡಿ.

ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಲ್ಲಿ, ನಿಂತುಹೋದ ಅಜ್ಜನ ಕೈಗಡಿಯಾರವೊಂದು ಬ್ಯಾಗಿನಲ್ಲಿದೆ, ಹೊತ್ತು ಉಳಿದರೆ ಅದನ್ನೂ ರಿಪೇರಿಗೆ ಕೊಡಬೇಕು ಎಂದು ಬರೆದಿದ್ದೀರಿ. ಪೇಟೆಯ ಬಾಗಿಲು ತೆರೆಯುವ ಹೊತ್ತಿಗೆ ಮೊದಲು ಅದನ್ನು ಕೊಡಿ. ಬಿಟ್ಟು ಬರಬೇಡಿ, ಅವರು ಹಿಂಬದಿಯ ಮುಚ್ಚಳ ಬಿಚ್ಚುವವರೆಗೆ ಎದುರಿಗೇ ಕುಳಿತಿರಿ, ಈ ಗಡಿಯಾರ ಯಾವ ಕಾಲದ್ದೆಂದು ಕೇಳಿ, ಆಮೇಲೆ ಹತ್ತಿರದಲ್ಲಿ ಊಟ ಎಲ್ಲಿ ಚೆನ್ನಾಗಿರುತ್ತದೆ ಎಂದೂ ಅವರನ್ನೇ ಕೇಳಿ.