ಅಡುಗೆಮನೆ ಬಿಟ್ಟುಕೊಟ್ಟರೆ ಈ ಮನೆಯಲ್ಲಿ ನನಗೇನು ಕೆಲಸ?

ಪ್ರಶ್ನೆ: ನನಗೆ 63 ವರ್ಷ. ಈ ಮನೆಗೆ ಸೊಸೆಯಾಗಿ ಬಂದು 38 ವರ್ಷವಾಯಿತು. ಅಂದಿನಿಂದ ಹಬ್ಬದ ಊಟ ನನ್ನ ಕೈಯಲ್ಲೇ ಆಗಿದೆ. ಮೊದಲ ಹದಿನೈದು ವರ್ಷ ಅತ್ತೆಯ ಜೊತೆ, ಆಮೇಲೆ ನಾನೊಬ್ಬಳೇ. ಮಕ್ಕಳು, ಮೈದುನನ ಮನೆಯವರು ಎಲ್ಲ ಸೇರಿದರೆ ಇಪ್ಪತ್ತು ಜನ. ಎಲ್ಲವನ್ನೂ ಮನೆಯಲ್ಲೇ ಮಾಡಬೇಕು, ಎಲ್ಲರಿಗೂ ಬಡಿಸಿದ ಮೇಲೆ ನಾವು ಉಣ್ಣಬೇಕು ಅಂತ ಅತ್ತೆ ಕಲಿಸಿದ್ದರು. ಒಂದು ಸಲವೂ ತಪ್ಪಿಸಿಲ್ಲ. ಎರಡು ವಾರದ ಹಿಂದೆ ಒಂಬತ್ತು ವರ್ಷದ ಮೊಮ್ಮಗಳು, "ಅಜ್ಜಿ ಯಾಕೆ ಯಾವಾಗಲೂ ಕೊನೆಗೆ ಊಟ ಮಾಡ್ತಾಳೆ?" ಅಂತ ಕೇಳಿದಳು. ಅದೇ ನೆಪವಾಯಿತು. "ಅತ್ತೆ, ಈ ಸಲ ಅರ್ಧ ಅಡುಗೆ ಹೊರಗಿನಿಂದ ತರಿಸೋಣ. ಉಳಿದದ್ದನ್ನು ಹಂಚಿಕೊಂಡು ಮಾಡೋಣ. ಎಲ್ಲರೂ ಒಟ್ಟಿಗೆ ಕೂತು ಊಟ ಮಾಡೋಣ" ಅಂದಳು ಸೊಸೆ. ಮಗನೂ ಹೌದು ಅಂದ. ಎಲ್ಲರ ಎದುರಿಗೆ. ನನಗೆ ತಡೆಯಲಾಗಲಿಲ್ಲ. "ನಿಮಗೆ ಬೇಕಾದ ಹಾಗೆ ಮಾಡಿಕೊಳ್ಳಿ, ನಾನು ಅಡುಗೆಮನೆಗೆ ಕಾಲಿಡಲ್ಲ" ಅಂದುಬಿಟ್ಟೆ. ಅವತ್ತಿನಿಂದ ಸೊಸೆ ಬೇಕಾದಷ್ಟೇ ಮಾತಾಡುತ್ತಾಳೆ. ಅವಳು ಕೆಟ್ಟವಳಲ್ಲ. ನನಗೂ ಮೊಣಕಾಲು ನೋವು, ಮೊದಲಿನ ಹಾಗೆ ನಿಲ್ಲಲು ಆಗುವುದಿಲ್ಲ. ಆದರೆ ಇವತ್ತು ಇದನ್ನು ಬಿಟ್ಟರೆ ನಾಳೆ ಎಲ್ಲವನ್ನೂ ಬಿಡುತ್ತಾರೆ. ಹಿರಿಯರು ನಡೆಸಿಕೊಂಡು ಬಂದದ್ದಕ್ಕೆ ಬೆಲೆಯೇ ಇಲ್ಲವೇ? ಅಡುಗೆಮನೆಯನ್ನೂ ಬಿಟ್ಟುಕೊಟ್ಟರೆ ಈ ಮನೆಯಲ್ಲಿ ನನಗೇನು ಕೆಲಸ? ಹಬ್ಬಕ್ಕೆ ಇನ್ನು ಎರಡೇ ವಾರ ಇದೆ.

— ಹೆಸರು ಬೇಡ

ಉತ್ತರ: ಅಮ್ಮ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಂಪ್ರದಾಯದ ಬಗ್ಗೆ ನೀವು ತುಂಬಾ ಬರೆದಿದ್ದೀರಿ. ಆದರೆ ನನ್ನ ಮನಸ್ಸು ಪ್ರತಿ ಸಲವೂ ನಿಂತದ್ದು "ನನಗೇನು ಕೆಲಸ" ಅನ್ನುವ ಮಾತಿನ ಹತ್ತಿರ. ನಿಮ್ಮ ಸಂಕಟ ಇರುವುದು ಅಲ್ಲೇ ಅನ್ನಿಸಿತು. ಅದರ ಬಗ್ಗೆಯೇ ಜಾಸ್ತಿ ಮಾತಾಡುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ನಿಮಗೆ ನೋವಾದದ್ದು ಸರಿಯೇ. 38 ವರ್ಷ ಒಬ್ಬರು ಹೊತ್ತುಕೊಂಡು ಬಂದ ಕೆಲಸವನ್ನು ಬದಲಾಯಿಸುವುದಿದ್ದರೆ ಮೊದಲು ಅವರ ಪಕ್ಕ ಕೂತು ಕೇಳಬೇಕಿತ್ತು. ಎಲ್ಲರ ಎದುರಿಗೆ ಹೇಳಿದರೆ ಅದು ಸಲಹೆಯ ಹಾಗೆ ಕೇಳಿಸುವುದಿಲ್ಲ, ತೀರ್ಮಾನದ ಹಾಗೆ ಕೇಳಿಸುತ್ತದೆ. ಅಷ್ಟು ವರ್ಷ ಮಾಡಿದ್ದಕ್ಕೆ ಒಂದು ಒಳ್ಳೆಯ ಮಾತು ಬರುವ ಮೊದಲೇ "ಇನ್ನು ಸಾಕು" ಅಂದಂತಾಯಿತು. ಸೊಸೆಯ ಉದ್ದೇಶ ಒಳ್ಳೆಯದೇ. ಆದರೆ ಹೇಳಿದ ರೀತಿ ತಪ್ಪು. ನಿಮ್ಮ ಮಗ ಹೆಂಡತಿಯ ಮಾತಿಗೆ ತಲೆಯಾಡಿಸುವ ಬದಲು ಮೊದಲು ಅಮ್ಮನ ಮುಖ ನೋಡಬಹುದಿತ್ತು.

ಈಗ ಸೊಸೆ ಹೇಳಿದ್ದನ್ನು ಇನ್ನೊಮ್ಮೆ ನೋಡೋಣ. ಅವಳು ಮೂರು ಮಾತು ಹೇಳಿದ್ದಾಳೆ. ಹೊರಗಿನಿಂದ ತರಿಸೋಣ, ಹಂಚಿಕೊಂಡು ಮಾಡೋಣ, ಒಟ್ಟಿಗೆ ಕೂತು ಊಟ ಮಾಡೋಣ. ಸಿಟ್ಟಿನಲ್ಲಿ ನಿಮ್ಮ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ. ಮೂರನೆಯದನ್ನು ಕೇಳಿಸಿಕೊಳ್ಳಿ. ಮೊಮ್ಮಗಳ ಪ್ರಶ್ನೆಯ ಬೆನ್ನಿಗೇ ಬಂದ ಮಾತು ಅದು. ಊಟಕ್ಕೆ ಅಜ್ಜಿ ಪಕ್ಕದಲ್ಲಿ ಬೇಕು ಅಂತ ಆ ಮಗು ಕೇಳಿತು. ಅವಳ ಅಮ್ಮ ಅದಕ್ಕೊಂದು ದಾರಿ ಹುಡುಕಿದಳು. ಎಡವಟ್ಟಾಗಿ ಹುಡುಕಿದಳು, ನಿಜ. ಆದರೆ ಹೋಗಬೇಕೆಂದಿದ್ದದ್ದು ನಿಮ್ಮ ಕಡೆಗೇ.

ನನ್ನ ಅಮ್ಮನೂ ನಿಮ್ಮ ಹಾಗೆಯೇ. ಹಬ್ಬದ ದಿನ ಅವಳು ನಮ್ಮ ಜೊತೆ ಕೂತು ಉಂಡದ್ದು ನನಗೆ ನೆನಪಿರುವುದು ಒಂದೇ ಸಲ. ಆ ವರ್ಷ ಚಿಕ್ಕಮ್ಮ ಬಲವಂತವಾಗಿ ಕೈಹಿಡಿದು ಕೂರಿಸಿದ್ದಳು. ಮೊದಲ ಹತ್ತು ನಿಮಿಷ ಅಮ್ಮ ನಾಲ್ಕು ಸಲ ಎದ್ದಳು. ಉಪ್ಪು ತರಲು, ನೀರು ತರಲು, ಒಲೆ ಆರಿಸಿದೆನೋ ಇಲ್ಲವೋ ನೋಡಲು. ಆಮೇಲೆ ಹೇಗೋ ನೆಲೆ ನಿಂತಳು. ಆಗ ತನ್ನ ಅಪ್ಪನ ಬಗ್ಗೆ ಒಂದು ಸಂಗತಿ ಹೇಳಿದಳು. ಅವರು ಕೆಲಸ ಕಳೆದುಕೊಂಡ ವರ್ಷ ಮನೆಯಲ್ಲಿ ಹಬ್ಬ ಹೇಗೆ ಮಾಡಿದರು ಅಂತ. ನಾವು ಯಾರೂ ಅದನ್ನು ಕೇಳಿಯೇ ಇರಲಿಲ್ಲ. ಈಗ ಅಮ್ಮ ಇಲ್ಲ. ಅವಳ ಅಡುಗೆ ಪುಸ್ತಕ ನನ್ನ ಹತ್ತಿರ ಇದೆ, ಅದರಲ್ಲಿ ಎಲ್ಲ ಅಳತೆಯೂ ಇದೆ. ಆದರೆ ಅವಳು ಹುಡುಗಿಯಾಗಿದ್ದಾಗ ಯಾವುದಕ್ಕೆ ಹೆದರುತ್ತಿದ್ದಳು, ಯಾರ ಜೊತೆ ಆಡುತ್ತಿದ್ದಳು, ನನಗೆ ಗೊತ್ತಿಲ್ಲ. ಕೇಳುವಷ್ಟು ಹೊತ್ತು ಅವಳು ಒಂದು ಕಡೆ ಕೂರಲಿಲ್ಲ. ನಾವೂ ಕೂರಿಸಲಿಲ್ಲ. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇದು ನನ್ನ ಮನೆಯ ಕಥೆ ಮಾತ್ರ ಅಲ್ಲ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಮಕ್ಕಳಿಗೆ 20 ಪ್ರಶ್ನೆ ಕೇಳಿದರು. ಅಪ್ಪ ಅಮ್ಮ ಹೇಗೆ ಭೇಟಿಯಾದರು ಗೊತ್ತಾ? ಅಜ್ಜ ಅಜ್ಜಿ ಬೆಳೆದದ್ದು ಎಲ್ಲಿ ಗೊತ್ತಾ? ಇಂಥವೇ. ತಮ್ಮ ಮನೆಯ ಬಗ್ಗೆ ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಮೇಲಿನ ನಂಬಿಕೆಯೂ ಹೆಚ್ಚಿತ್ತು. ಸುಮ್ನೆ ಉತ್ತರ ಬಾಯಿಪಾಠ ಮಾಡಿಸಿದರೆ ಇದು ಬರುವುದಿಲ್ಲ ಅಂತಲೂ ಅವರು ಹೇಳಿದ್ದಾರೆ. ಮನೆಯವರು ಜೊತೆಗೆ ಕೂತು ಮತ್ತೆ ಮತ್ತೆ ಹೇಳಿದಾಗ ಬರುತ್ತದೆ. ಹಾಗೆ ಹೇಳಿದವರು ಹೆಚ್ಚಾಗಿ ಯಾರು ಗೊತ್ತೇ? ಅಮ್ಮಂದಿರು ಮತ್ತು ಅಜ್ಜಿಯರು. ಹೇಳಿದ್ದು ಯಾವಾಗ? ಊಟದ ಹೊತ್ತಿನಲ್ಲಿ, ಹಬ್ಬ ಹರಿದಿನಗಳಲ್ಲಿ.

ಅಂದರೆ ನಿಮ್ಮ ಮನೆಯಲ್ಲಿ ಕಥೆ ಗೊತ್ತಿರುವವರು ಆ ಹೊತ್ತಿಗೆ ಒಲೆಯ ಮುಂದೆ ಇದ್ದಾರೆ. ಕೇಳಬೇಕಾದ ಮಗು ಹೊರಗೆ ಇದೆ. ಮಧ್ಯದಲ್ಲಿ ಒಂದು ಗೋಡೆ ಇದೆ. ನಿಮಗೇನು ಕೆಲಸ ಅಂತ ಕೇಳಿದಿರಲ್ಲ, ಆ ಮನೆಯಲ್ಲಿ ನಿಮ್ಮ ಬಿಟ್ಟು ಬೇರೆ ಯಾರಿಗೂ ಮಾಡಲಾಗದ ಕೆಲಸ ಇದು. ಅಡುಗೆಯನ್ನು ಕಷ್ಟಪಟ್ಟರೆ ಬೇರೆಯವರೂ ಕಲಿಯಬಹುದು. ನಿಮ್ಮ ಅತ್ತೆ ಹೇಗಿದ್ದರು ಅನ್ನುವುದನ್ನು ಮೊಮ್ಮಗಳಿಗೆ ನಿಮ್ಮಷ್ಟು ಹತ್ತಿರದಿಂದ ಯಾರು ಹೇಳಬಲ್ಲರು?

"ಇವತ್ತು ಇದನ್ನು ಬಿಟ್ಟರೆ ನಾಳೆ ಎಲ್ಲವನ್ನೂ ಬಿಡುತ್ತಾರೆ" ಅನ್ನುವ ನಿಮ್ಮ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಬಿಟ್ಟ ಮನೆಗಳನ್ನು ನಾನೂ ನೋಡಿದ್ದೇನೆ. ಹಬ್ಬದ ದಿನವೂ ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಉಣ್ಣುವ ಮನೆಗಳು. ಹಾಗಾಗಬಾರದು. ಅದಕ್ಕೇ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲೇಬಾರದು ಅನ್ನುವುದನ್ನು ನೀವೇ ಆರಿಸಬೇಕು. ಕುಟುಂಬದ ರೂಢಿಗಳ ಬಗ್ಗೆ 50 ವರ್ಷಗಳಲ್ಲಿ ನಡೆದ ಅಧ್ಯಯನಗಳನ್ನು ಬಾರ್ಬರಾ ಫೀಸ್ ಮತ್ತು ಜೊತೆಗಾರರು 2002ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಅವರು ಒಂದು ವ್ಯತ್ಯಾಸ ಗುರುತಿಸಿದ್ದಾರೆ. ಕೆಲವು ರೂಢಿಗಳು "ಇದನ್ನು ಮಾಡಿ ಮುಗಿಸಬೇಕು" ಅನ್ನುತ್ತವೆ. ಕೆಲವು "ನಾವು ಅಂದರೆ ಇವರು" ಅನ್ನುತ್ತವೆ. ಎರಡೂ ಒಂದೇ ಊಟದಲ್ಲಿ ಸೇರಿಕೊಂಡಿರುತ್ತವೆ, ಅದಕ್ಕೇ ಬೇರೆ ಮಾಡುವುದು ಕಷ್ಟ. ನಿಮ್ಮ ಊಟದಲ್ಲಿ ಮೊದಲನೆಯದು ಯಾವುದು, ಎರಡನೆಯದು ಯಾವುದು ಅಂತ ಒಂದು ಸಂಜೆ ಕೂತು ಯೋಚಿಸಿ. ನಿಮ್ಮ ಅತ್ತೆ ಮಾಡುತ್ತಿದ್ದು ನೀವು ಬಿಟ್ಟದ್ದೂ ಕೆಲವು ಇರುತ್ತವೆ, ಅಲ್ವಾ? ಮಿಕ್ಸಿ ಬಂದಾಗ, ಗ್ಯಾಸ್ ಬಂದಾಗ. ಅದಕ್ಕೆ ಹಬ್ಬ ಕೆಡಲಿಲ್ಲ. ಅವುಗಳನ್ನು ಬದಲಾಯಿಸಿದ್ದು ಆ ಮನೆಯನ್ನು ಪ್ರೀತಿಸುತ್ತಿದ್ದ ನೀವೇ.

ಸೊಸೆಯ ಬಗ್ಗೆ ಇನ್ನೊಂದು ಮಾತು. ಅವಳಿಗೆ ಅಡುಗೆ ಬೇಡವಾಗಿರಲಿಕ್ಕಿಲ್ಲ. ನಿಮ್ಮ 38 ವರ್ಷ ನಾಳೆ ತನ್ನ ತಲೆಗೆ ಬರುತ್ತದೆ ಅನ್ನುವ ದಿಗಿಲು ಇರಬಹುದು. ಹಬ್ಬದ ಊಟ ಅಂದರೆ ಬೇಯಿಸುವುದಷ್ಟೇ ಅಲ್ಲವಲ್ಲ. ಯಾರಿಗೆ ಖಾರ ಆಗುವುದಿಲ್ಲ, ಯಾವ ಪಾತ್ರೆ ಸಾಲುತ್ತದೆ, ಯಾವ ಸಾಮಾನು ಯಾವತ್ತು ತರಿಸಬೇಕು, ಇದೆಲ್ಲ ವಾರಗಟ್ಟಲೆ ನಿಮ್ಮ ತಲೆಯಲ್ಲೇ ಓಡುತ್ತಿರುತ್ತದೆ. ಅಲಿಸನ್ ಡಾಮಿಂಗರ್ ಅನ್ನುವ ಸಮಾಜಶಾಸ್ತ್ರಜ್ಞೆ 35 ದಂಪತಿಗಳನ್ನು ಮಾತಾಡಿಸಿ 2019ರಲ್ಲಿ ಇದರ ಬಗ್ಗೆ ಬರೆದರು. ಮುಂದೇನು ಬೇಕಾಗುತ್ತದೆ ಅಂತ ಊಹಿಸುವುದು, ಏನೇನು ದಾರಿಯಿದೆ ಅಂತ ಹುಡುಕುವುದು, ತೀರ್ಮಾನ ಮಾಡುವುದು, ಆಮೇಲೆ ಎಲ್ಲ ಸರಿಯಾಯಿತೇ ಅಂತ ಕಣ್ಣಿಡುವುದು, ಹೀಗೆ ನಾಲ್ಕು ಭಾಗ. ತೀರ್ಮಾನ ಮಾಡುವಾಗ ಗಂಡಂದಿರೂ ಸೇರುತ್ತಿದ್ದರು. ಊಹಿಸುವುದು ಮತ್ತು ಕಣ್ಣಿಡುವುದು ಹೆಚ್ಚಾಗಿ ಹೆಂಗಸರ ಪಾಲಿಗೇ ಬರುತ್ತಿತ್ತು. ನಿಮಗಿದು ಹೊಸ ವಿಷಯವಲ್ಲ, ನಿಮ್ಮ ಬದುಕೇ ಇದು. ಇದನ್ನೆಲ್ಲ ಸೊಸೆಯೊಬ್ಬಳಿಗೇ ದಾಟಿಸಿದರೆ ಹೆಸರು ಬದಲಾಗುತ್ತದೆ, ಹೊರೆ ಹಾಗೇ ಇರುತ್ತದೆ.

ಹಾಗಾಗಿ ನಿಮ್ಮ ಮಗನನ್ನು ಕರೆಯಿರಿ. "ಹೌದು" ಅಂದವನಿಗೆ ಒಂದು ಪೂರ್ತಿ ಕೆಲಸ ಕೊಡಿ. ಪೂರ್ತಿ ಅಂದರೆ ಪೂರ್ತಿ. ಒಂದು ಸಿಹಿ ಅವನದು ಅಂತಾದರೆ ಚೀಟಿ ಬರೆಯುವುದು, ಸಾಮಾನು ತರುವುದು, ಮಾಡುವುದು, ಪಾತ್ರೆ ತೊಳೆಯುವುದು ಎಲ್ಲ ಅವನದೇ. ಹೇಳಿಕೊಡಿ, ಆದರೆ ಕೈಹಾಕಬೇಡಿ. ಮೊದಲ ಸಲ ಚೆನ್ನಾಗಿ ಬರದೇ ಇರಬಹುದು. ಆ ಹೊತ್ತಿನಲ್ಲಿ ಸುಮ್ಮನಿರುವುದು ನಿಮಗೆ ಅಡುಗೆಗಿಂತ ಕಷ್ಟ ಅಂತ ನನಗೆ ಗೊತ್ತು. ಇರಿ.

ಆದರೆ ಎಲ್ಲಕ್ಕಿಂತ ಮೊದಲು ಸೊಸೆಯ ಜೊತೆ ಮಾತಾಗಬೇಕು. ಇದನ್ನು ಹಬ್ಬದ ಹಿಂದಿನ ದಿನದವರೆಗೆ ಎಳೆಯಬೇಡಿ, ಈ ವಾರವೇ ಆಗಲಿ. ಮಗ ಇಲ್ಲದಾಗ, ಅವಳಿಗೆ ಕೆಲಸಕ್ಕೆ ಹೊರಡುವ ಗಡಿಬಿಡಿ ಇಲ್ಲದಾಗ. "ಅವತ್ತು ಸಿಟ್ಟಿನಲ್ಲಿ ಹಾಗಂದುಬಿಟ್ಟೆ. ಎಲ್ಲರ ಎದುರಿಗೆ ಕೇಳಿ ನನಗೆ ನೋವಾಯಿತು. ಈ ಮನೆಯಲ್ಲಿ ನನ್ನ ಅಗತ್ಯ ಮುಗಿಯಿತೇನೋ ಅನ್ನಿಸಿತು." ಇಷ್ಟು ಸಾಕು. ಆಮೇಲೆ ಅವಳು ಮಾತಾಡಲಿ. "ನನ್ನ ಅಗತ್ಯ ಮುಗಿಯಿತೇನೋ" ಅನ್ನುವ ಆ ಮಾತು ಹೇಳುವುದು ಸುಲಭವಲ್ಲ. ನನಗೆ ಬರೆದಿದ್ದೀರಲ್ಲ, ಅವಳಿಗೂ ಹೇಳಬಲ್ಲಿರಿ. ಇಷ್ಟು ದಿನ ಅವಳು ನಿಮ್ಮ ಸಿಟ್ಟನ್ನು ಮಾತ್ರ ನೋಡಿದ್ದಾಳೆ.

ನಿಮ್ಮ ಪಾಲಿಗೆ ಎರಡು ಅಡುಗೆ ಇಟ್ಟುಕೊಳ್ಳಿ. ನಿಮ್ಮ ಕೈಯಿಂದಲೇ ಆಗಬೇಕಾದವು, ನಿಮ್ಮ ಅತ್ತೆ ಕಲಿಸಿದವು. ಅದರಲ್ಲಿ ಒಂದಕ್ಕೆ ಮೊಮ್ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಉಳಿದದ್ದು ಹೊರಗಿನಿಂದ ಬಂದರೂ ಪರವಾಗಿಲ್ಲ, ಮೈದುನನ ಮನೆಯವರು ಮಾಡಿ ತಂದರೂ ಪರವಾಗಿಲ್ಲ. ಅದಕ್ಕೆ ಜಗಳ ಬೇಡ. ಮೊಣಕಾಲನ್ನು ವೈದ್ಯರಿಗೆ ತೋರಿಸಿ. ಹಬ್ಬ ಮುಗಿಯಲಿ ಅಂತ ಕಾಯಬೇಡಿ.

ಬಂದವರಲ್ಲಿ ಯಾರಾದರೂ "ಈ ಮನೆಯಲ್ಲಿ ಮೊದಲು ಹೀಗಿರಲಿಲ್ಲ" ಅನ್ನಬಹುದು. ಅಂದೇ ಅನ್ನುತ್ತಾರೆ. ಆಗ ಎಲ್ಲರ ಕಣ್ಣು ಸೊಸೆಯ ಕಡೆಗೆ ತಿರುಗುತ್ತದೆ. ಅವಳು ಬಾಯಿ ತೆರೆಯುವ ಮೊದಲೇ ನೀವು ಹೇಳಿ: "ಈ ಸಲ ಹೀಗೆ ಮಾಡೋಣ ಅಂತ ನಾನೇ ಹೇಳಿದ್ದು." ಅವಳು ಅದೇ ಬದಲಾವಣೆ ಮಾಡಿದರೆ ಮನೆಯ ಪದ್ಧತಿ ಮುರಿದಳು ಅನ್ನುತ್ತಾರೆ. ನೀವು ಮಾಡಿದರೆ ಮನೆಯ ಪದ್ಧತಿ ಇನ್ನು ಹೀಗೆ ಅನ್ನುತ್ತಾರೆ. 38 ವರ್ಷ ಬಡಿಸಿದ ಕೈಗೆ ಇರುವ ಅಧಿಕಾರ ಅದು. ಎಲ್ಲರ ಎದುರಿಗೆ ಆದ ನೋವಿಗೆ ಎಲ್ಲರ ಎದುರಿಗೇ ಇದಕ್ಕಿಂತ ಒಳ್ಳೆಯ ಮದ್ದು ನನಗೆ ತೋಚುವುದಿಲ್ಲ.

ಊಟದ ಹೊತ್ತಿಗೆ ಎಲ್ಲವನ್ನೂ ಮಧ್ಯದಲ್ಲಿ ಇಡಿಸಿ. ಬೇಕಾದವರು ಬಡಿಸಿಕೊಳ್ಳಲಿ. ನೀವು ಮೊಮ್ಮಗಳ ಪಕ್ಕ ಕೂತುಕೊಳ್ಳಿ. ಏಳಬೇಕು ಅನ್ನಿಸುತ್ತದೆ, ಕೈಕಾಲು ಕೇಳುವುದಿಲ್ಲ. ಅಜ್ಜಿ ಎದ್ದರೆ ಕೈಹಿಡಿದು ಕೂರಿಸುವುದು ನಿನ್ನ ಕೆಲಸ ಅಂತ ಅವಳಿಗೆ ಮೊದಲೇ ಹೇಳಿಟ್ಟಿರಿ. ಒಂಬತ್ತು ವರ್ಷದವರು ಇಂಥ ಕೆಲಸವನ್ನು ತುಂಬಾ ಚೆನ್ನಾಗಿ ಮಾಡುತ್ತಾರೆ.

ಆ ಮನೆಗೆ ಬಂದಾಗ ನಿಮಗೆ 25 ವರ್ಷ. ಮೊದಲ ಹಬ್ಬದ ಊಟದ ದಿನ ಏನು ಮಾಡಲು ಹೇಳಿದರು? ಯಾವುದು ಕೆಟ್ಟುಹೋಯಿತು? ಅತ್ತೆ ಏನಂದರು, ಯಾರು ನಿಮ್ಮ ಪರವಾಗಿ ಮಾತಾಡಿದರು? ಮೊಮ್ಮಗಳಿಗೆ ಅಲ್ಲಿಂದ ಶುರು ಮಾಡಿ.